ಉಳಿದ ಪೆಟ್ರೋಲಿಗೆ ವಿಳಾಸವಿಲ್ಲ

ಅಡಿಕೆಗೆ ಕೊನೆಯ ಬಾರಿಯ ಬೋರ್ಡೋ ಮದ್ದು ಹೊಡೆದಾದ ಮೇಲೆ ಪಂಪಿನ ಎಂಜಿನ್ ಕೊಟ್ಟಿಗೆಯ ಮೂಲೆ ಸೇರುತ್ತದೆ. ದೀಪಾವಳಿ ಕಳೆದರೆ ಹುಲ್ಲು ಕೊಚ್ಚುವ ಯಂತ್ರಕ್ಕೂ ಹೆಚ್ಚಿನ ಕೆಲಸವಿಲ್ಲ. ಟ್ಯಾಂಕಿನಲ್ಲಿ ಅರ್ಧ ಲೀಟರು, ಪಕ್ಕದ ನೀರಿನ ಬಾಟಲಿಯಲ್ಲಿ ಆಯಿಲ್ ಬೆರೆಸಿಟ್ಟ ಮುಕ್ಕಾಲು ಲೀಟರು ಪೆಟ್ರೋಲು ಹಾಗೆಯೇ ಉಳಿದಿರುತ್ತದೆ. ಮುಂದಿನ ಮಳೆಗಾಲದಲ್ಲಿ ಹಗ್ಗ ಎಳೆದರೆ ಎಂಜಿನ್ ಎರಡು ಬಾರಿ ಕೆಮ್ಮಿ ಸುಮ್ಮನಾಗುತ್ತದೆ. ರಿಪೇರಿಯವನು ಮೂಸಿ ನೋಡಿ, ಪೆಟ್ರೋಲು ಹಾಳಾಗಿದೆ, ಚೆಲ್ಲಿಬಿಡಿ ಎನ್ನುತ್ತಾನೆ. ಎಲ್ಲಿ ಚೆಲ್ಲಬೇಕೆಂದು ಅವನು ಹೇಳುವುದಿಲ್ಲ. ಯಂತ್ರ ಮಾರಿದ ಅಂಗಡಿಯೂ ಹೇಳಿರುವುದಿಲ್ಲ. ಅದಕ್ಕೆ ಸಹಾಯಧನ ನೀಡಿದ ಇಲಾಖೆಯೂ ಹೇಳಿರುವುದಿಲ್ಲ.

ಪೆಟ್ರೋಲು ಕೆಡುತ್ತದೆಂಬ ಸಂಗತಿಯೇ ಹಲವರಿಗೆ ಹೊಸದು. ಅದು ಒಂದೇ ವಸ್ತುವಲ್ಲ, ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಹಗುರವಾದವು ಮೊದಲು ಆವಿಯಾಗಿ ಹೋಗುತ್ತವೆ. ಉಳಿದವುಗಳಲ್ಲಿ ಕೆಲವು ಗಾಳಿಯ ಆಮ್ಲಜನಕದೊಡನೆ ಸೇರಿ ಅಂಟಾಗುತ್ತವೆ; ಕಾರ್ಬ್ಯುರೇಟರಿನ ಕೂದಲೆಳೆಯಷ್ಟು ಸಣ್ಣ ರಂಧ್ರವನ್ನು ಮುಚ್ಚುವುದು ಈ ಅಂಟೇ. ಈಗ ಇದರ ಜೊತೆಗೆ ಇನ್ನೊಂದು ತೊಡಕು ಸೇರಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಶೇ. 20ರ ಎಥನಾಲ್ ಮಿಶ್ರಿತ ಪೆಟ್ರೋಲು ಇಂದು ದೇಶದ ಬಂಕುಗಳಲ್ಲೆಲ್ಲ ಸಾಮಾನ್ಯವಾಗಿದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರಿನ ಪ್ರಮಾಣ ಒಂದು ಮಿತಿಯನ್ನು ದಾಟಿದೊಡನೆ ನೀರೂ ಎಥನಾಲೂ ಕೂಡಿ ತಳಕ್ಕಿಳಿಯುತ್ತವೆ, ಪೆಟ್ರೋಲು ಮತ್ತು ಆಯಿಲು ಮೇಲೆ ನಿಲ್ಲುತ್ತವೆ. ಯಂತ್ರದ ನಳಿಗೆ ಹೀರುವುದು ತಳದಿಂದ. ಹಾಗಾಗಿ ಎರಡು ಸ್ಟ್ರೋಕಿನ ಎಂಜಿನ್ನಿಗೆ ಜಿಡ್ಡೇ ಇಲ್ಲದ ನೀರು ಮಿಶ್ರಿತ ಸಾರಾಯಿಯನ್ನು ಕುಡಿಸಿದಂತಾಗುತ್ತದೆ. ಆಷಾಢದ ಮಲೆನಾಡಿನಷ್ಟು ತೇವ ಈ ಕ್ರಿಯೆಗೆ ಮತ್ತೆಲ್ಲಿ ದೊರೆತೀತು!

ಹಳ್ಳಿಗೆ ಈ ಪ್ರಶ್ನೆ ಹೊಸದಾದರೂ ರಾಜಧಾನಿಗೆ ಹಳೆಯದು. ಸಣ್ಣ ಎಂಜಿನ್ನುಗಳು ಅಲ್ಲಿ ಹಲವು ದಶಕ ಮೊದಲೇ ತುಂಬಿಕೊಂಡಿದ್ದವು. ಅವುಗಳ ಉಳಿಕೆಗೆ ಆ ನಗರ ಕಂಡುಕೊಂಡ ದಾರಿ ಯಾವುದೆಂದು ನೋಡಬೇಕಾದರೆ ಬೆಂಗಳೂರಿನ ದಂಡು ಪ್ರದೇಶಕ್ಕೆ, ಅಂದರೆ ಶಿವಾಜಿನಗರ, ಹಲಸೂರುಗಳ ಕಡೆಗೆ ಹೋಗಬೇಕು. ಕರೆಂಟು ಕೈಕೊಡುತ್ತಿದ್ದ ಕಾಲದಲ್ಲಿ ಅಂಗಡಿಗಳ ಮುಂದೆ ಗುಡುಗುಡಿಸುತ್ತಿದ್ದ ಪೆಟ್ರೋಲು–ಸೀಮೆಎಣ್ಣೆ ಜನರೇಟರುಗಳು, ಎರಡು ಸ್ಟ್ರೋಕಿನ ಆಟೋಗಳು, ಮೈಸೂರಿನಲ್ಲಿ ತಯಾರಾದ ಯೆಜ್ಡಿಗಳು ಇವುಗಳಿಗೆಲ್ಲ ಕೊನೆಯ ನಿಲ್ದಾಣ ಗುಜರಿಯೇ. ಶಿವಾಜಿನಗರದ ಗುಜರಿ ಗಲ್ಲಿಗಳಲ್ಲಿ ಬಿಚ್ಚಿದ ವಾಹನಗಳ ಬಿಡಿಭಾಗಗಳು ರಾಶಿ ಬಿದ್ದಿರುತ್ತವೆ. ನಗರವು ಎಸೆದದ್ದನ್ನು ಮತ್ತೆ ಬಳಕೆಗೆ ತರುವ ಈ ಕಸುಬುದಾರರನ್ನು ಹೀನಾಯವಾಗಿ ಕಾಣುವ ಪರಿಸರವಾದವೊಂದಿದೆ, ಅದು ನ್ಯಾಯವಲ್ಲ. ಟ್ಯಾಂಕಿನಿಂದ ಇಳಿಸಿದ ಪೆಟ್ರೋಲನ್ನು ಸಹ ಅವರು ವ್ಯರ್ಥ ಮಾಡುವುದಿಲ್ಲ, ಜಿಡ್ಡು ಹಿಡಿದ ಭಾಗಗಳನ್ನು ತೊಳೆಯಲು ಬಳಸುತ್ತಾರೆ. ಆದರೆ ತೊಳೆದು ತೊಳೆದು ಕಪ್ಪಾದ ಕೊನೆಯ ಬೋಗುಣಿ ಎಲ್ಲಿಗೆ ಹೋಗಬೇಕು? ಗ್ಯಾರೇಜು ಯಾವ ಬಡಾವಣೆಯಲ್ಲಿದ್ದರೂ ಕೈಗೆ ಸಿಗುವುದು ಎದುರಿನ ಚರಂಡಿಯೇ.

ಚರಂಡಿಯ ನೀರು ಅಲ್ಲೇ ನಿಲ್ಲುವುದಿಲ್ಲ. ಜಯಮಹಲ್ ಕಡೆಯಿಂದ ಇಳಿದುಬರುವ ಕಾಲುವೆ ಹಲಸೂರು ಕೆರೆಯ ಮಾರ್ಗವಾಗಿ ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಮುಂದೆ ದಕ್ಷಿಣ ಪಿನಾಕಿನಿಗೆ ಸಾಗುತ್ತದೆ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. ಬೆಳ್ಳಂದೂರು ಕೆರೆಯಲ್ಲಿ 2015ರ ಮೇ ತಿಂಗಳಲ್ಲಿ ನೊರೆಗೇ ಬೆಂಕಿ ಹತ್ತಿತು. 2017ರ ಫೆಬ್ರವರಿಯಲ್ಲಿ ಮತ್ತೆ ಹೊಗೆ ಎದ್ದಿತು. 2018ರ ಜನವರಿಯಲ್ಲಿ ಬೆಂಕಿ ಆರಿಸಲು ಸೇನೆಯವರು ಬರಬೇಕಾಯಿತು. ಇವುಗಳಿಗೆಲ್ಲ ಗ್ಯಾರೇಜಿನ ಪೆಟ್ರೋಲೇ ಕಾರಣವೆಂದು ಹೇಳುವುದು ಸುಳ್ಳಾದೀತು. ಕೊಳಚೆ, ಮಾರ್ಜಕ, ಕಸ, ಒಣಗಿದ ಜೊಂಡು ಎಲ್ಲವೂ ಅಲ್ಲಿ ಕೂಡಿದ್ದವು. ಆದರೆ ಯಾರು ಏನು ಸುರಿದರೂ ಕೇಳುವವರಿಲ್ಲದ ಕಾಲುವೆಯ ತುದಿಯಲ್ಲಿರುವ ಕೆರೆಯ ಗತಿ ಏನೆಂಬುದು ಅಲ್ಲಿ ಕಾಣುತ್ತದೆ. 2018ರಿಂದ ಈ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಸಂಸ್ಕರಣೆಯ ಕೆಲಸ ಮಾಡುವುವು ಸೂಕ್ಷ್ಮಜೀವಿಗಳು. ಅವುಗಳಿಗೆ ಇಂಧನವೆಂದರೆ ವಿಷ. ದಂಡಿನ ಚರಂಡಿಗೂ ಕೋಲಾರದ ರೈತನ ಕೊಳವೆಬಾವಿಗೂ ಹೀಗೊಂದು ನಂಟು ಬೆಳೆದಿದೆ.

ಕಾನೂನುಗಳಿಗೇನೂ ಕೊರತೆಯಿಲ್ಲ. ಬಳಸಿದ ಎಂಜಿನ್ ಆಯಿಲು, ಗೇರ್ ಆಯಿಲುಗಳನ್ನು ಅಪಾಯಕಾರಿ ತ್ಯಾಜ್ಯಗಳ 2016ರ ನಿಯಮಗಳು ಹೆಸರಿಸಿವೆ. 2023ರ ತಿದ್ದುಪಡಿಯ ಪ್ರಕಾರ, 2024ರ ಏಪ್ರಿಲ್‌ನಿಂದ ಅವುಗಳ ಮರುಬಳಕೆಯ ಹೊಣೆ ತಯಾರಕರ ಮೇಲೆಯೇ ಬಿದ್ದಿದೆ. ವಾಹನ ಒಡೆಯುವ ನೋಂದಾಯಿತ ಘಟಕಗಳು ಟ್ಯಾಂಕಿನ ಇಂಧನವನ್ನು ಮೊದಲು ತೆಗೆದು ಬೇರೆ ಇಡಬೇಕೆಂಬ ಕಟ್ಟಳೆಯೂ ಇದೆ. ಮನೆಗಳ ಅಪಾಯಕಾರಿ ಕಸಕ್ಕಾಗಿ ಪ್ರತಿ 20 ಚದರ ಕಿಲೋಮೀಟರಿಗೆ ಒಂದು ಸಂಗ್ರಹ ಕೇಂದ್ರವಿರಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದ್ದವು. ಅಲ್ಲಿ ಬಣ್ಣದ ಡಬ್ಬಿ, ಕೀಟನಾಶಕದ ಡಬ್ಬಿ, ಟ್ಯೂಬ್‌ಲೈಟು, ಅವಧಿ ಮೀರಿದ ಔಷಧಿಗಳ ಹೆಸರುಗಳಿದ್ದವು. ಹಳಸಿದ ಪೆಟ್ರೋಲಿನ ಹೆಸರಿರಲಿಲ್ಲ. ಮೇಲಾಗಿ ಆ ನಿಯಮಗಳು ಬರೆಯಲ್ಪಟ್ಟದ್ದು ಪಟ್ಟಣಗಳಿಗಾಗಿ. ಹೀಗೆ, ಉರಿಯಬಲ್ಲ, ಆವಿಯಾಗಬಲ್ಲ, ನೀರಿಗಿಳಿಯಬಲ್ಲ ವಸ್ತುವೊಂದು ಎಲ್ಲ ಪಟ್ಟಿಗಳ ನಡುವಿನಿಂದ ಜಾರಿಹೋಗಿದೆ.

ಅರ್ಧ ಲೀಟರಿನಿಂದ ಏನಾದೀತು ಎಂದು ಕೇಳುವವರುಂಟು. ಲೆಕ್ಕ ಹಾಕಿ ನೋಡಬಹುದು. ಇಂದಿನ ಪೆಟ್ರೋಲಿನಲ್ಲಿ ಶೇ. 1ರವರೆಗೆ ಬೆಂಜೀನ್ ಇರಲು ಅನುಮತಿಯಿದೆ. ಅದು ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅರ್ಧ ಲೀಟರು ಪೆಟ್ರೋಲಿನ ಬೆಂಜೀನೆಲ್ಲ ನೀರಿಗಿಳಿದರೆ ನಾಲ್ಕು ಲಕ್ಷ ಲೀಟರಿಗೂ ಹೆಚ್ಚು ನೀರು ಆ ಮಿತಿಯನ್ನು ಮುಟ್ಟುತ್ತದೆ. ಬಹುಪಾಲು ಗಾಳಿಗೆ ಹೋಗುವುದರಿಂದ ಅಷ್ಟೂ ಇಳಿಯುವುದಿಲ್ಲ, ನಿಜ. ಆದರೆ ಬಾವಿಯಿಂದ ಹತ್ತು ಮಾರು ದೂರದಲ್ಲಿ, ನೀರನ್ನು ಜರಡಿಯಂತೆ ಇಳಿಸಿಕೊಳ್ಳುವ ಜಂಬಿಟ್ಟಿಗೆ ನೆಲದ ಮೇಲೆ ಸುರಿದವನಿಗೆ ಆ ‘ಬಹುಪಾಲು’ ಎಷ್ಟರ ಧೈರ್ಯ ಕೊಟ್ಟೀತು? ಪಟ್ಟಣದಲ್ಲಿ ಹಾಳಾದ ನೀರಿಗೆ ಪರ್ಯಾಯವಾಗಿ ಕಾವೇರಿ ಬರುತ್ತದೆ. ಅಬ್ಬಿ ನೀರನ್ನು ನಂಬಿದ ಮನೆಗೆ ಇನ್ನೊಂದು ಅಬ್ಬಿ ಇರುವುದಿಲ್ಲ.

ಆದ್ದರಿಂದ ಮೊದಲು ಮಾಡಬೇಕಾದುದು ಉಳಿಸದಿರುವುದು. ಆ ದಿನದ ಕೆಲಸಕ್ಕೆ ಬೇಕಾದಷ್ಟನ್ನೇ ಬೆರೆಸಿ, ಹಂಗಾಮಿನ ಕೊನೆಯ ದಿನ ಟ್ಯಾಂಕು ಬರಿದಾಗಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಮುಕ್ಕಾಲು ಸಮಸ್ಯೆ ಅಲ್ಲಿಗೇ ತೀರುತ್ತದೆ. ಒಂದೆರಡು ತಿಂಗಳಿನದಾಗಿದ್ದು ತಿಳಿಯಾಗಿರುವ ಬರಿಯ ಪೆಟ್ರೋಲನ್ನು ಬೈಕಿನ ತುಂಬಿದ ಟ್ಯಾಂಕಿಗೆ ಸ್ವಲ್ಪಸ್ವಲ್ಪವಾಗಿ ಸೇರಿಸಬಹುದು. ಆಯಿಲ್ ಬೆರೆತದ್ದನ್ನು ಹೊಸ ಬೈಕಿಗೆ ಹಾಕಬಾರದು, ಹೊಗೆ ಶುದ್ಧಿಗೊಳಿಸುವ ಅದರ ಭಾಗ ಕೆಡುತ್ತದೆ. ನೆರೆಮನೆಯಲ್ಲಿ ಓಡುತ್ತಿರುವ ಎರಡು ಸ್ಟ್ರೋಕಿನ ಯಂತ್ರಕ್ಕೆ ಕೊಡುವುದು ಲೇಸು. ಬಣ್ಣ ಕಂದಾಗಿದ್ದರೆ, ನೀರು ಬೇರ್ಪಟ್ಟಿದ್ದರೆ ಅದು ಯಾವ ಎಂಜಿನ್ನಿಗೂ ಬೇಡ. ಗೆದ್ದಲ ಹುತ್ತಕ್ಕೂ ಬೇಡ, ತರಗೆಲೆ ಸುಡಲು ಖಂಡಿತ ಬೇಡ. ಕಂಬಕ್ಕೆ ಬಳಿಯಲೆಂದು ತಂದಿಟ್ಟ ಹಳೆಯ ಎಂಜಿನ್ ಆಯಿಲಿಗೆ ಬೆರೆಸಿದರಂತೂ ಅಪಾಯವಷ್ಟೇ ಹೆಚ್ಚುತ್ತದೆ. ಮುಚ್ಚಳ ಬಿಗಿಯಾದ ಲೋಹದ ಡಬ್ಬಿಯಲ್ಲಿ, ಹೆಸರು ಬರೆದು, ಮನೆಯ ಹೊರಗೆ ನೆರಳಿನಲ್ಲಿ ಇಡಬೇಕು. ಲೈಸೆನ್ಸಿಲ್ಲದೆ ಮನೆಯಲ್ಲಿ 30 ಲೀಟರಿನವರೆಗೆ ಪೆಟ್ರೋಲು ಇಡಲು ಅವಕಾಶ ನೀಡುವ 1934ರ ಪೆಟ್ರೋಲಿಯಂ ಕಾಯಿದೆ ಗಾಜು, ಪಿಂಗಾಣಿ, ಲೋಹದ ಪಾತ್ರೆಗಳನ್ನು ಮಾತ್ರ ಹೇಳುತ್ತದೆ. ನೀರಿನ ಬಾಟಲಿ ಅದರಲ್ಲಿಲ್ಲ. ಮಕ್ಕಳಿರುವ ಮನೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಡಬ್ಬಿಯಲ್ಲಿಟ್ಟ ಮೇಲೆ ಅದು ಎಲ್ಲಿಗೆ ಹೋಗಬೇಕು? ರೈತನೊಬ್ಬ ಎರಡು ಲೀಟರು ಹಿಡಿದು ಜಿಲ್ಲಾ ಕೇಂದ್ರದ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ಹೋಗಲಾರ. ಬಸ್ಸಿನಲ್ಲಿ ಅದನ್ನು ಒಯ್ಯುವಂತೆಯೂ ಇಲ್ಲ. ಇದಕ್ಕೆ ಹೋಬಳಿಯ ಮಟ್ಟದಲ್ಲೇ ಉತ್ತರ ಬೇಕು. 2014ರ ಸುಮಾರಿಗೆ ಆರಂಭವಾದ ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರಗಳು ಇವೆ, ಸಹಕಾರ ಸಂಘಗಳಿವೆ, ಯಂತ್ರ ಮಾರುವ ಅಂಗಡಿಗಳಿವೆ. ಇವುಗಳಲ್ಲಿ ಒಂದೊಂದು ಭದ್ರವಾದ ಪೀಪಾಯಿ ಇಟ್ಟು, ತುಂಬಿದಾಗ ಮಂಡಳಿಯ ಅನುಮತಿ ಪಡೆದವರು ಒಯ್ದು ಸಿಮೆಂಟು ಕಾರ್ಖಾನೆಗಳ ಗೂಡಿನಲ್ಲಿ ಉರಿಸುವ ಏರ್ಪಾಡು ಅಸಾಧ್ಯವಾದುದಲ್ಲ. ವೆಚ್ಚ ಯಾರದೆಂದರೆ, ಎಂಜಿನ್ ಆಯಿಲಿಗೆ ಒಪ್ಪಿಕೊಂಡ ನ್ಯಾಯವೇ ಇಲ್ಲಿಗೂ ಸಲ್ಲಬೇಕು: ಇಂಧನ ಮತ್ತು ಯಂತ್ರ ಮಾರಿ ಲಾಭ ಪಡೆದವರದು. 2025ರಲ್ಲಿ ಐದು ಪಾಲಿಕೆಗಳಾಗಿ ಹಂಚಿಕೆಯಾದ ಬೆಂಗಳೂರು ಶಿವಾಜಿನಗರದಿಂದ ಕೆ.ಆರ್.ಪುರದವರೆಗಿನ ಗ್ಯಾರೇಜುಗಳಿಗೆ ಇಂಥ ಏರ್ಪಾಡನ್ನು ಮಾಡಿಕೊಟ್ಟರೆ ಕೋಲಾರದವರಿಗೂ ಉಪಕಾರವಾದೀತು.

ಹಳ್ಳಿಗಳವರು ಅದಕ್ಕೆ ಕಾಯಬೇಕಾಗಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಎರಡು ಬೇಡಿಕೆಗಳನ್ನು ನಡಾವಳಿಗೆ ಸೇರಿಸಬಹುದು. ಊರಿನಲ್ಲಿರುವ ಪೆಟ್ರೋಲು ಯಂತ್ರಗಳ ಎಣಿಕೆಯಾಗಲಿ. ಈ ಕೆಲಸವನ್ನು ಕಾಲೇಜು ವಿದ್ಯಾರ್ಥಿಗಳು ಒಂದು ರಜೆಯಲ್ಲಿ ಮುಗಿಸಬಲ್ಲರು. ಮತ್ತು ಸಹಾಯಧನದಲ್ಲಿ ಯಂತ್ರ ಕೊಡುವಾಗ ಉಳಿದ ಇಂಧನವನ್ನು ಹಿಂದಕ್ಕೆ ಪಡೆಯುವ ಅಂಗಡಿಯ ಹೆಸರನ್ನು ರೈತ ಸಂಪರ್ಕ ಕೇಂದ್ರವು ಬರೆದುಕೊಡಲಿ.