ಸ್ಟಾರ್ಟ್ ಆದರೆ ಮುಗಿಯಿತೇ?

"ಗಾಡಿ ಮುಗೀತಾ?" ಕಳೆದ ಕೆಲವು ತಿಂಗಳಿನಿಂದ ನಮ್ಮ ಬೀದಿಯವರೆಲ್ಲ ಕೇಳುತ್ತಿದ್ದ ಪ್ರಶ್ನೆ ಇದು. ಕ್ಲಾಸಿನಲ್ಲಿ ನಿಮ್ಮಲ್ಲೂ ಕೆಲವರು ಕೇಳಿದ್ದೀರಿ.

ಮೇ ತಿಂಗಳ ಒಂದು ಸಂಜೆ, ಮಗ್ರಿಬ್‌ಗೆ ಸ್ವಲ್ಪ ಮೊದಲು, ನಮ್ಮ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ದಾದಾ ಅವರ ಯೆಜ್ಡಿ ರೋಡ್‌ಕಿಂಗ್ ಆರು ವರ್ಷಗಳ ನಂತರ ಸ್ಟಾರ್ಟ್ ಆಯಿತು. ಶೆಡ್ ತುಂಬ ನೀಲಿ ಹೊಗೆ. ಭಾಯಿಜಾನ್ ಕುಣಿದಾಡಿದರು. ಅಮ್ಮಿ ರವೆ ಹಲ್ವಾ ಮಾಡಿ ಅಕ್ಕಪಕ್ಕದ ಮನೆಗಳಿಗೆ ಕಳಿಸಿದರು. ಎಲ್ಲರೂ "ಮುಬಾರಕ್, ಮುಗೀತಲ್ಲ" ಅಂದರು.

ಮುಗಿದಿರಲಿಲ್ಲ. ಅದು ನಿಜವಾಗಿ ಮುಗಿದದ್ದು ನವೆಂಬರಿನಲ್ಲಿ. ಶುರು ಮಾಡುವವರನ್ನು ನಾವು ಹೊಗಳುತ್ತೇವೆ, ಮುಗಿಸುವವರ ಕಡೆ ನೋಡುವುದೇ ಇಲ್ಲ ಎಂಬ ನನ್ನ ಅಭಿಪ್ರಾಯ ಆ ನಡುವಿನ ಆರು ತಿಂಗಳಲ್ಲಿ ಹುಟ್ಟಿತು.

ಮೊದಲು ಗಾಡಿಯ ಬಗ್ಗೆ ಸ್ವಲ್ಪ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಚೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ಇಲ್ಲೇ ತಯಾರಿಸಲು ಶುರು ಮಾಡಿತು. ನಂತರ ಯೆಜ್ಡಿ ಎಂಬ ಹೆಸರು ಬಂತು. ರೋಡ್‌ಕಿಂಗ್ ಬಂದದ್ದು 1978ರಲ್ಲಿ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಒಂದೇ ಸಿಲಿಂಡರ್, 250 ಸಿಸಿ, ಟೂ ಸ್ಟ್ರೋಕ್, ಆದರೆ ಸೈಲೆನ್ಸರ್ ಎರಡು. ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್. ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಕೆಳಗೆ ಬಿಟ್ಟರೆ ಗೇರ್. ದಾದಾ ಇದನ್ನು ಕೊಂಡದ್ದು 1989ರಲ್ಲಿ. 2019ರಲ್ಲಿ ಎಫ್‌ಸಿ ಮಾಡಿಸಿದ ಮೇಲೆ ಮೊಣಕಾಲು ನೋವು ಜಾಸ್ತಿಯಾಗಿ ಅವರು ಕಿಕ್ ಹೊಡೆಯಲಾಗಲಿಲ್ಲ. ಮರುವರ್ಷ ತೀರಿಕೊಂಡರು.

ಭಾಯಿಜಾನ್ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಅವರಿಗೆ ಇದನ್ನು ಮಾಡಿಫೈ ಮಾಡಬೇಕೆಂಬ ಆಸೆ. ಹಳೆಯ ಜಾವಾ ಮೆಕ್ಯಾನಿಕ್ ಉಸ್ತಾದ್ ಒಬ್ಬರು ಭಾನುವಾರ ಬಂದು ಹೇಳಿಕೊಡುತ್ತಿದ್ದರು. ನನ್ನ ಕೆಲಸ ಟಾರ್ಚ್ ಹಿಡಿಯುವುದು, ಬಿಚ್ಚಿದ ನಟ್ಟುಗಳನ್ನು ಡಬ್ಬಿಗೆ ಹಾಕಿ ಚೀಟಿ ಅಂಟಿಸುವುದು, ಲೆಕ್ಕ ಬರೆಯುವುದು. "ಹುಡುಗಿಗೆ ಶೆಡ್ಡಿನಲ್ಲಿ ಏನು ಕೆಲಸ" ಎಂದು ಕೇಳಿದವರಿಗೆ ಉಸ್ತಾದ್ ಹೇಳುತ್ತಿದ್ದ ಉತ್ತರ ಒಂದೇ: "ಇವಳಿಲ್ಲದಿದ್ದರೆ ಅರ್ಧ ನಟ್ಟು ಕಳೆದುಹೋಗ್ತಿತ್ತು."

ಕಾಮರ್ಸ್‌ನವರಿಗೆ ಒಂದು ವಿಷಯ ಗೊತ್ತಿದೆ. ಅಂತಿಮ ಲೆಕ್ಕಪತ್ರದ ಲೆಕ್ಕದಲ್ಲಿ ಟ್ರಯಲ್ ಬ್ಯಾಲೆನ್ಸ್ ಸರಿಹೊಂದಿರುತ್ತದೆ. ಅದರ ಕೆಳಗೆ ನಾಲ್ಕೈದು ಸಾಲು ಹೊಂದಾಣಿಕೆಗಳಿರುತ್ತವೆ: ಕೊಡಬೇಕಾದ ಸಂಬಳ, ಸವಕಳಿ, ಮುಕ್ತಾಯದ ಸರಕು. ನಮ್ಮಲ್ಲಿ ಹೆಚ್ಚಿನವರು ಅಂಕ ಕಳೆದುಕೊಳ್ಳುವುದು ಅಲ್ಲೇ. ಮೇ ತಿಂಗಳ ಆ ಸಂಜೆ ನಮ್ಮ ಗಾಡಿಯದ್ದು ಟ್ರಯಲ್ ಬ್ಯಾಲೆನ್ಸ್ ಮಾತ್ರ ಆಗಿತ್ತು. ಹೊಂದಾಣಿಕೆಗಳು ಹಾಗೇ ಬಾಕಿ ಇದ್ದವು.

ಮೊದಲನೆಯದು ಬ್ರೇಕ್. ಸ್ಟಾರ್ಟ್ ಆದ ಖುಷಿಯಲ್ಲಿ ಭಾಯಿಜಾನ್ ಅದೇ ರಾತ್ರಿ ಓಣಿಯಲ್ಲಿ ಒಂದು ರೌಂಡ್ ಹೊಡೆದರು. ಹಿಂದಿನ ಬ್ರೇಕ್ ಹಿಡಿಯಲಿಲ್ಲ. ಶೂಗಳಿಗೆ ಎಣ್ಣೆ ಇಳಿದಿತ್ತು. ಮೋರಿಯ ಕಟ್ಟೆಗೆ ಕಾಲು ಕೊಟ್ಟು ನಿಲ್ಲಿಸಿದರು. ಚಪ್ಪಲಿ ಹರಿಯಿತು, ಅಷ್ಟೇ. ಅಲ್ಲಿ ಮಕ್ಕಳು ಆಡುತ್ತಿದ್ದರೆ ಏನಾಗುತ್ತಿತ್ತು ಎಂದು ಆ ರಾತ್ರಿ ನಮ್ಮಿಬ್ಬರಿಗೂ ನಿದ್ದೆ ಬರಲಿಲ್ಲ. ಆಮೇಲೆ ಬ್ರೇಕ್ ಶೂ, ಕೇಬಲ್, ಎರಡೂ ಟೈರ್, ಇಡೀ ವೈರಿಂಗ್, ಹಿಂದಿನ ದೀಪದ ಸ್ವಿಚ್ ಎಲ್ಲ ಬದಲಾದವು. ಯಾರಿಗೂ ತೋರಿಸಿ ಫೋಟೊ ಹಾಕುವಂಥ ಕೆಲಸವಲ್ಲ ಅದು.

ಎರಡನೆಯದು ಸೈಲೆನ್ಸರ್. ಇದರಲ್ಲಿ ನಮ್ಮ ಮನೆಯಲ್ಲಿ ನಿಜವಾದ ಜಗಳವೇ ಆಯಿತು. ಭಾಯಿಜಾನ್ ಎರಡೂ ಸೈಲೆನ್ಸರ್‌ಗಳ ಒಳಗಿನ ಬ್ಯಾಫಲ್ ತೆಗೆದುಹಾಕಿದ್ದರು. ಮರುದಿನ ಪಕ್ಕದ ಮನೆಯ ಆಂಟಿ ಬಂದು, "ಮಗು ಬೆಚ್ಚಿಬೀಳುತ್ತೆ ಅಮ್ಮ" ಎಂದು ಮೆತ್ತಗೆ ಹೇಳಿ ಹೋದರು. ಅವರು ಜಗಳ ಆಡಿದ್ದರೆ ನಾವೂ ಆಡುತ್ತಿದ್ದೆವೇನೋ. ಮೆತ್ತಗೆ ಹೇಳಿದ್ದರಿಂದ ಅಮ್ಮಿಗೆ ತುಂಬ ಬೇಸರವಾಯಿತು.

ನಾನು ಕಾನೂನು ಓದಿ ನೋಡಿದೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ, ಕಂಪನಿ ಕೊಟ್ಟ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಶಬ್ದಮಾಲಿನ್ಯದ ನಿಯಮ ಮೀರಿ ಓಡಿಸಿದರೆ 10,000 ರೂಪಾಯಿವರೆಗೆ ದಂಡ ಬೀಳಬಹುದು. ಭಾಯಿಜಾನ್, "ಊರಲ್ಲೆಲ್ಲ ಓಡಿಸ್ತಾರೆ, ಕಾನೂನು ನಮಗೆ ಮಾತ್ರನಾ?" ಅಂದರು. ಒಂದು ವಾರ ನನ್ನ ಜೊತೆ ಮಾತು ಬಿಟ್ಟರು.

ಅವರ ಮನಸ್ಸು ಬದಲಿಸಿದ್ದು ನನ್ನ ಕಲಂಗಳಲ್ಲ, ಉಸ್ತಾದ್ ಹೇಳಿದ ಒಂದು ಮಾತು. ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಸೈಲೆನ್ಸರ್ ಬರೀ ಸದ್ದು ಅಡಗಿಸುವ ಡಬ್ಬಿಯಲ್ಲ. ಹೊರಗೆ ಹೋಗುವ ಹೊಗೆಯ ಒತ್ತಡ ಅದರೊಳಗೆ ಬಡಿದು ವಾಪಸು ಬರುತ್ತದೆ. ಹೊಸ ಪೆಟ್ರೋಲು ಉರಿಯದೆ ಹೊರಗೆ ಜಾರಿಹೋಗುವುದನ್ನು ಆ ಒತ್ತಡ ತಡೆಯುತ್ತದೆ. ಒಳಭಾಗ ಕಿತ್ತುಹಾಕಿದರೆ ಪೆಟ್ರೋಲು ಜಾಸ್ತಿ ಕುಡಿಯುತ್ತದೆ, ನಿಧಾನದ ಓಟದಲ್ಲಿ ಎಳೆಯುವ ಶಕ್ತಿ ಕಡಿಮೆಯಾಗುತ್ತದೆ. "ಸದ್ದು ಜಾಸ್ತಿ, ದಮ್ ಕಮ್ಮಿ" ಎಂದರು ಉಸ್ತಾದ್. ಮುಂದಿನ ಭಾನುವಾರ ಬ್ಯಾಫಲ್‌ಗಳ ಕರಿ ತೆಗೆದು ಮತ್ತೆ ಕೂರಿಸಿದರು.

ಹಿಂದಿನ ಸೀಟು ಕತ್ತರಿಸಿ ಒಬ್ಬರೇ ಕೂರುವಂತೆ ಮಾಡುವ ಯೋಜನೆಯನ್ನೂ ಬಿಟ್ಟೆವು. ಆರ್‌ಸಿಯಲ್ಲಿ ಆಸನ 2 ಎಂದಿದೆ. ದಾದಿ 30 ವರ್ಷ ಕೂತದ್ದು ಆ ಎರಡನೇ ಜಾಗದಲ್ಲೇ. ಹಾಗಂತ ನಮ್ಮ ಕೈಗುರುತು ಇಲ್ಲವೆಂದಲ್ಲ. ಮೊದಲಿದ್ದ ಕಂದು ಕೆಂಪು ಬಣ್ಣವನ್ನೇ ಮತ್ತೆ ಹೊಡೆಸಿ, ಟ್ಯಾಂಕಿನ ಮೇಲೆ ಬೋರ್ಡ್ ಬರೆಯುವವರಿಂದ ಕೈಯಲ್ಲೇ ಚಿನ್ನದ ಬಣ್ಣದ ಗೆರೆ ಎಳೆಸಿದೆವು. ಸೀಟಿಗೆ ಹೊಸ ಹೊಲಿಗೆ. ಟೂಲ್ ಬಾಕ್ಸ್ ಭಾಯಿಜಾನ್ ಅವರೇ ತಗಡು ಬಗ್ಗಿಸಿ ಮಾಡಿದ್ದು.

ಮೂರನೆಯದು ಕಾಗದ. ಇದನ್ನು ನಾವು ಯಾರೂ ಯೋಚಿಸಿಯೇ ಇರಲಿಲ್ಲ. ಆರ್‌ಸಿ ಅವಧಿ 2024ಕ್ಕೆ ಮುಗಿದಿತ್ತು. ಜೊತೆಗೆ ಅದು ಇನ್ನೂ ದಾದಾ ಹೆಸರಿನಲ್ಲೇ ಇತ್ತು. ಮಾಲೀಕರು ತೀರಿಕೊಂಡಾಗ ವಾರಸುದಾರರ ಹೆಸರಿಗೆ ವರ್ಗಾಯಿಸಲು ಫಾರಂ 31 ಎಂದು ಬೇರೆಯೇ ಇದೆ. ಉಳಿದ ವಾರಸುದಾರರ ಒಪ್ಪಿಗೆ ಪತ್ರ ಬೇಕು ಎಂದಾಗ ಭಾಯಿಜಾನ್, "ಸುಮ್ಮನೆ ಸೈನ್ ಹಾಕಿಸಿಕೊಂಡು ಬರೋಣ" ಅಂದರು.

ಆಗ ನನಗೆ ಹೊಳೆಯಿತು. ಗಾಡಿ ಭಾಯಿಜಾನ್ ಅವರದ್ದಲ್ಲ. ಅಬ್ಬಾ ಒಬ್ಬರದ್ದೂ ಅಲ್ಲ. ದಾದಾ ಬಿಟ್ಟುಹೋದದ್ದರಲ್ಲಿ ದಾದಿಗೆ ಎಂಟರಲ್ಲಿ ಒಂದು ಭಾಗ. ಉಳಿದದ್ದರಲ್ಲಿ ಅಬ್ಬಾ, ಚಾಚಾ, ಇಬ್ಬರು ಫುಫು. ಗಂಡುಮಕ್ಕಳಿಗೆ ಎರಡು ಪಾಲು, ಹೆಣ್ಣುಮಕ್ಕಳಿಗೆ ಒಂದು. ಕೆಲಸ ಶುರು ಮಾಡುವ ಮೊದಲು ಗಾಡಿ 24,000 ರೂಪಾಯಿ ಬಾಳುತ್ತಿತ್ತು ಎಂದು ಉಸ್ತಾದ್ ಹೇಳಿದ್ದರು. ನಾನು ಪುಸ್ತಕದಲ್ಲಿ ಬರೆದೆ: ದಾದಿ 3,000, ಅಬ್ಬಾ 7,000, ಚಾಚಾ 7,000, ಫುಫುಗಳಿಗೆ ತಲಾ 3,500. ಕೂಡಿದರೆ 24,000. ಅಬ್ಬಾ ಆ ಹಾಳೆಯನ್ನು ತುಂಬ ಹೊತ್ತು ನೋಡಿದರು. ಆಮೇಲೆ ತಾವೇ ಎಲ್ಲರ ಹತ್ತಿರ ಹೋಗಿ, ಸೈನ್ ಕೇಳುವ ಮೊದಲು ಪಾಲಿನ ಮಾತು ಆಡಿದರು.

ದಾದಿ, ಚಾಚಾ ಮತ್ತು ದೊಡ್ಡ ಫುಫು ಬೇಡವೆಂದರು. ಚಿಕ್ಕ ಫುಫು ಹಣ ತೆಗೆದುಕೊಂಡರು. ಮನೆಯಲ್ಲಿ ಕೆಲವರಿಗೆ ಅದು ಸರಿ ಕಾಣಲಿಲ್ಲ. "ಒಂದು ಹಳೇ ಗಾಡಿಗೆ ಪಾಲಾ?" ಅಂದರು. ನನಗೆ ಅದು ಸರಿಯೆನಿಸಿತು. ಅವರು ಬಟ್ಟೆ ಹೊಲಿದು ಮನೆ ನಡೆಸುತ್ತಾರೆ. ಬಿಡುವವರದ್ದು ದೊಡ್ಡ ಮನಸ್ಸು, ನಿಜ. ಆದರೆ ಕೊಡಬೇಕಾದದ್ದನ್ನು ಕೊಟ್ಟ ಮೇಲೆ ಮಾತ್ರ ಆ ಮನಸ್ಸಿಗೆ ಬೆಲೆ. ಕೇಳದೆ ಸೈನ್ ಹಾಕಿಸಿಕೊಂಡರೆ ಅದು ಬಿಟ್ಟುಕೊಟ್ಟದ್ದಲ್ಲ, ನಾವು ಕಿತ್ತುಕೊಂಡದ್ದು. ಎಷ್ಟು ಮನೆಗಳಲ್ಲಿ ಹೆಣ್ಣುಮಕ್ಕಳ ಪಾಲು ಹೀಗೆ "ಸುಮ್ಮನೆ ಒಂದು ಸೈನ್"ನಲ್ಲಿ ಮುಗಿದುಹೋಗುತ್ತದೆ ಎಂದು ನೀವೇ ಯೋಚಿಸಿ.

ಆರ್‌ಸಿ ಇಲ್ಲದೆ ರಸ್ತೆಗೆ ಇಳಿಸುವಂತಿರಲಿಲ್ಲ. ಆದ್ದರಿಂದ ಗಾಡಿಯನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಆರ್‌ಟಿಒಗೆ ಹೋದರು. ಬೀದಿಯವರು ನಕ್ಕರು. ನಗಲಿ.

ನನ್ನ ಲೆಕ್ಕದ ಪುಸ್ತಕ ಹೇಳುವುದು ಇಷ್ಟು: ಒಟ್ಟು ಖರ್ಚು 50,000. ಅದರಲ್ಲಿ 18,600 ಆದದ್ದು ಗಾಡಿ "ಮುಗಿದ" ಮೇಲೆ. ಚಿಕ್ಕ ಫುಫುವಿಗೆ ಕೊಟ್ಟದ್ದು ಇದರಲ್ಲಿ ಸೇರಿಲ್ಲ. ಅಂದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಖರ್ಚು ಯಾರ ಕಣ್ಣಿಗೂ ಬೀಳದ ಕೆಲಸಕ್ಕೆ ಆಯಿತು.

ಈಗ ನನ್ನ ಕೆಲವು ಸಹಪಾಠಿಗಳಿಗೆ ಒಂದು ಮಾತು. "ಒಂದು ರೌಂಡ್ ಕೊಡು" ಎಂದು ಕೇಳುತ್ತೀರಿ. ನನಗೆ 17, ಗೇರ್ ಇರುವ ಗಾಡಿಗೆ 18 ಆಗಬೇಕು. 18 ತುಂಬದವರು ಗಾಡಿ ಓಡಿಸಿ ಸಿಕ್ಕಿಬಿದ್ದರೆ 199ಎ ಕಲಂ ಪ್ರಕಾರ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಓಡಿಸಿದವರಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಇಲ್ಲ. ಕಾಲೇಜಿನ ಹಿಂದಿನ ಓಣಿಯಲ್ಲಿ ದಿನಾ ಬೆಳಿಗ್ಗೆ ಎಷ್ಟು ಗಾಡಿ ನಿಲ್ಲುತ್ತವೆ ಎಂದು ನಮಗೂ ಗೊತ್ತು, ನಮ್ಮ ಲೆಕ್ಚರರ್‌ಗಳಿಗೂ ಗೊತ್ತು. ಇದು ಚಾಡಿ ಅಲ್ಲ. ಸಿಕ್ಕಿಬಿದ್ದ ದಿನ ಸ್ಟೇಷನ್ನಿನಲ್ಲಿ ನಿಲ್ಲುವುದು ನೀವಲ್ಲ, ನಿಮ್ಮ ಅಬ್ಬಾ.

ಕಾಲೇಜಿಗೆ ಒಂದು ವಿನಂತಿಯೂ ಇದೆ. ವರ್ಷಕ್ಕೊಂದು ಶನಿವಾರ ಒಬ್ಬ ಮೆಕ್ಯಾನಿಕ್‌ರನ್ನು ಕರೆಸಿ ಬ್ರೇಕ್ ನೋಡುವುದು, ಆರ್‌ಸಿ, ಇನ್ಶೂರೆನ್ಸ್ ಓದುವುದು ಹೇಳಿಕೊಡಿಸಿ. ಹುಡುಗಿಯರನ್ನೂ ಕೂರಿಸಿ.

ಗಾಡಿ ಈಗ ಶೆಡ್ಡಿನಲ್ಲಿದೆ. ಶುಕ್ರವಾರ ಭಾಯಿಜಾನ್ ದಾದಿಯನ್ನು ಹಿಂದೆ ಕೂರಿಸಿಕೊಂಡು ಚಿಕ್ಕ ಫುಫು ಮನೆಗೆ ಹೋಗಿಬರುತ್ತಾರೆ. ಪಕ್ಕದ ಮನೆಯ ಮಗು ಬೆಚ್ಚುವುದಿಲ್ಲ. ಯಾರಾದರೂ "ಗಾಡಿ ಮುಗೀತಾ?" ಎಂದು ಕೇಳಿದರೆ ಈಗ ಹೌದು ಎನ್ನುತ್ತೇನೆ. ನನ್ನ ಸರದಿ ಮಾತ್ರ ಇನ್ನೂ ಏಳು ತಿಂಗಳು ಬಾಕಿ. ಅದನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.