ಮುದ್ದೆ ಉಂಡು ಬೆಳೆದವನಿಗೆ ಆಫ್ರಿಕಾ ಎಲ್ಲಿದೆ ಗೊತ್ತಿಲ್ಲ!

ಕನ್ನಡದ ಹುಡುಗರೇ, ಹುಡುಗಿಯರೇ,

ಸಿ.ಎಸ್. ಪುರದಲ್ಲಿ ನನ್ನದೊಂದು ಸಣ್ಣ ಪ್ರೆಸ್ಸು. ಲಗ್ನಪತ್ರಿಕೆ, ಬಿಲ್ ಬುಕ್ಕು, ತಿಥಿ ಕಾರ್ಡು, ಇಷ್ಟರಲ್ಲೇ ಜೀವನ. ಮೊನ್ನೆ ನಮ್ಮೂರಿನ ಹುಡುಗನೊಬ್ಬ ಪ್ರಿಂಟ್ ತೆಗೆಸಲು ಬಂದ. ಬೆಂಗಳೂರಿನಲ್ಲಿ ಡಿಗ್ರಿ ಓದುತ್ತಾನೆ. ಒಂದು ಸೆಮಿಸ್ಟರ್ ಮಟ್ಟಿಗೆ ಪರದೇಶದ ಯೂನಿವರ್ಸಿಟಿಗೆ ಹೋಗುತ್ತಾನಂತೆ. ಏನಪ್ಪ ಓದೋದು ಅಂದೆ. "ಆಫ್ರಿಕನ್ ಹಿಸ್ಟರಿ, ಕಲ್ಚರ್ ಅಣ್ಣ" ಅಂದ. ಬಲು ಸಂತೋಷವಾಯಿತು. "ಯಲ್ಲಾಪುರ ನೋಡಿದ್ದೀಯೇನೋ?" ಅಂತ ಕೇಳಿದೆ. "ಅಲ್ಲೇನಿದೆ ಅಣ್ಣ?" ಅಂದ.

ನಗಬೇಡಿ. ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ?

ಯಲ್ಲಾಪುರದ ಮಾತು ಆಮೇಲೆ. ಮೊದಲು ಆ ಹುಡುಗನ ಮನೆ ತಟ್ಟೆ ನೋಡಿ. ರಾಗಿ ಮುದ್ದೆ. ರಾಗಿಯ ತವರು ಎಥಿಯೋಪಿಯಾ, ಉಗಾಂಡಾದ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ಬಂದ ಕಾಳು. ಪಕ್ಕದಲ್ಲಿ ಅಲಸಂದೆ ಸಾರು, ಅದೂ ಆಫ್ರಿಕಾದ್ದೇ. ಸಾರಿಗೆ ಹಿಂಡಿದ ಹುಣಸೆ, ತುಮಕೂರು ಮಂಡಿಯಲ್ಲಿ ರಾಶಿ ರಾಶಿ ಬೀಳುವ ಹುಣಸೆ, ಅದರ ಮೂಲವೂ ಅಲ್ಲಿಯದೇ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹಳದಿ ಹೂ ಬಿಡುತ್ತದಲ್ಲ ಹುಚ್ಚೆಳ್ಳು, ಅದು ಎಥಿಯೋಪಿಯಾದವರ ಅಡುಗೆ ಎಣ್ಣೆಯ ಬೆಳೆ. ಇಷ್ಟನ್ನೂ ಉಂಡು ಬೆಳೆದವನಿಗೆ ಆಫ್ರಿಕಾವನ್ನು ಮೂರನೆಯವರು ಇಂಗ್ಲಿಷಿನಲ್ಲಿ ಪರಿಚಯ ಮಾಡಿಕೊಡಬೇಕು! ನಾನು ಪಿಯುಸಿವರೆಗೆ ಓದಿದ ಚರಿತ್ರೆಯಲ್ಲಿ ಆಫ್ರಿಕಾ ಎಂದರೆ ವಾಸ್ಕೋ ಡ ಗಾಮ ಸುತ್ತಿಕೊಂಡು ಬಂದ ಒಂದು ಭೂಶಿರ, ಅಷ್ಟೇ.

ಈಗ ಯಲ್ಲಾಪುರ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ಪೋರ್ಚುಗೀಸರು, ಅರಬ್ ವ್ಯಾಪಾರಿಗಳು ಪೂರ್ವ ಆಫ್ರಿಕಾದಿಂದ ಗುಲಾಮರನ್ನಾಗಿ ಹಿಡಿದು ತಂದವರ ಮಕ್ಕಳು, ಮೊಮ್ಮಕ್ಕಳು. ಗೋವಾದ ಧಣಿಗಳಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಅವರಲ್ಲಿ ಬಹಳ. ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಯಲ್ಲಿ ಹೆಚ್ಚಾಗಿ ಕೊಂಕಣಿ, ಹೊರಗೆ ಕನ್ನಡ. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಲು 2003ರವರೆಗೆ ಕಾಯಬೇಕಾಯಿತು. ಅವರಲ್ಲೊಬ್ಬರು, ಶಾಂತಾರಾಮ ಸಿದ್ದಿ, ವಿಧಾನ ಪರಿಷತ್ತಿನ ಮೆಟ್ಟಿಲು ಹತ್ತಿದ್ದು 2020ರಲ್ಲಿ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ ಆಫ್ರಿಕಾದ ಯೊರುಬಾ ಕಲೆಯನ್ನು ದಶಕಗಳ ಕಾಲ ಅಭ್ಯಾಸ ಮಾಡಿದ ಪ್ರೊಫೆಸರ್. ಆತ ಈ ಕಾಡಿಗೆ ಬಂದು, ಸಿದ್ದಿ ಹೆಂಗಸರು ಹಳೇ ಬಟ್ಟೆಯಲ್ಲಿ ಹೊಲಿಯುವ ಕೌದಿಗಳನ್ನು ಕಂಡು ಬೆರಗಾಗಿ, 2004ರಲ್ಲಿ ಅವರ ಸಹಕಾರ ಸಂಘ ಕಟ್ಟಲು ನೆರವಾದರು. ಆ ಕೌದಿಗಳು ಅಮೆರಿಕದಲ್ಲಿ ಪ್ರದರ್ಶನ ಕಂಡವು. ಅವರು ಅಲ್ಲಿಂದ ಇಲ್ಲಿಗೆ ಬರುತ್ತಾರೆ. ನಾವು ಇಲ್ಲಿಂದ ಅಲ್ಲಿಗೆ ಹಾರುತ್ತೇವೆ. ನಡುವೆ ಹುಬ್ಬಳ್ಳಿಯಿಂದ ಯಲ್ಲಾಪುರದ ಬಸ್ಸು ಖಾಲಿ!

ನಾನೇನೂ ಸಾಚಾ ಅಲ್ಲ. ಒಮ್ಮೆ ಶಿರಸಿ ಮಾರಿಕಾಂಬೆ ಜಾತ್ರೆಗೆ ಹೋಗಿದ್ದಾಗ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಗುಂಗುರು ಕೂದಲಿನ ಒಬ್ಬರು ಕೂತಿದ್ದರು. ನನ್ನ ಹರುಕು ಇಂಗ್ಲಿಷಿನಲ್ಲಿ ಯಾವ ದೇಶ ಅಂತ ಕೇಳಿದೆ. ಕನ್ನಡ ಕನ್ನಡ ಎಂದು ಬಾವುಟ ಹಿಡಿದವನು ಕೇಳಿದ್ದು ಇಂಗ್ಲಿಷಿನಲ್ಲಿ! ಅವರು ತಣ್ಣಗೆ, "ನಾನು ಇಲ್ಲೇ ಮಂಚೀಕೇರಿಯವ. ನೀವು ಎಲ್ಲಿಂದ ಬಂದದ್ದು?" ಅಂದರು. ಇಳಿಯುವ ತನಕ ಅವರ ಮುಖ ನೋಡಲಾಗಲಿಲ್ಲ ನನಗೆ.

ಅದೇ ಮಂಚೀಕೇರಿಯಲ್ಲಿ 1980ರ ದಶಕದಲ್ಲೇ ಹೆಗ್ಗೋಡಿನ ನೀನಾಸಂನವರು ನೈಜೀರಿಯಾದ ಚಿನುವಾ ಅಚಿಬೆಯ ಕಾದಂಬರಿಯನ್ನು ನಾಟಕ ಮಾಡಿ ಸಿದ್ದಿಗಳಿಂದ ಕನ್ನಡದಲ್ಲಿ ಆಡಿಸಿದ್ದರು. ಆಫ್ರಿಕಾ ಕನ್ನಡದಲ್ಲಿ ಮಾತಾಡಿತ್ತು ಸ್ವಾಮಿ! ನಲವತ್ತು ವರ್ಷದ ಮೇಲೂ ನಮ್ಮ ಪದವೀಧರರಿಗೆ ಈ ಸುದ್ದಿ ಮುಟ್ಟಿಲ್ಲವೆಂದರೆ ತಪ್ಪು ಯಾರದು? ಚರಿತ್ರೆ ಓದುವ ಮಕ್ಕಳನ್ನು ಒಂದು ಅವಧಿ ಯಲ್ಲಾಪುರಕ್ಕೆ ಕಳಿಸಲು ನಮ್ಮ ವಿಶ್ವವಿದ್ಯಾಲಯಗಳಿಗೆ ವೀಸಾ ಬೇಕೆ?

ಕನ್ನಡಕ್ಕಾಗಿ ಬೀದಿಗಿಳಿಯುವ ನಿಮಗೆ ಇನ್ನೂ ಒಂದು ಕಾರಣಕ್ಕೆ ಆಫ್ರಿಕಾ ಗೊತ್ತಿರಬೇಕು. ಕೀನ್ಯಾದ ಗೂಗಿ ವಾ ಥಿಯಾಂಗೊ ಇಂಗ್ಲಿಷಿನಲ್ಲಿ ಕಾದಂಬರಿ ಬರೆದು ಹೆಸರು ಮಾಡಿದಾಗ ಸರ್ಕಾರ ಅವರನ್ನು ಜೈಲಿಗೆ ಹಾಕಲಿಲ್ಲ. 1977ರಲ್ಲಿ ಕಮಿರಿತು ಎಂಬ ಊರಿನ ರೈತರನ್ನೂ ಕೂಲಿಗಳನ್ನೂ ಸೇರಿಸಿ ತಾಯ್ನುಡಿ ಗಿಕುಯುವಿನಲ್ಲಿ ನಾಟಕ ಆಡಿಸಿದ್ದೇ ತಡ, ನಾಟಕಕ್ಕೆ ತಡೆ ಬಿತ್ತು. ವರ್ಷದ ಕೊನೆಯ ದಿನ ಅವರನ್ನು ಹಿಡಿದು, ವಿಚಾರಣೆಯಿಲ್ಲದೆ ಕೂಡಿಹಾಕಿದರು. ಜೈಲಿನಲ್ಲಿ ಪಾಯಿಖಾನೆಗೆ ಕೊಡುವ ಕಾಗದದ ಮೇಲೆ ಗಿಕುಯುವಿನಲ್ಲೇ ಕಾದಂಬರಿ ಬರೆದರು, 1980ರಲ್ಲಿ ಅಚ್ಚಾಯಿತು. ರೀಮಿನ ರೇಟು ಏರಿತೆಂದು ಗೊಣಗುವ ನನ್ನಂಥ ಮುದ್ರಕ ಇದನ್ನು ಓದಿದ ದಿನ ಸುಮ್ಮನೆ ಕೂತುಬಿಟ್ಟೆ. 2025ರ ಮೇ 28ರಂದು ಅವರು ತೀರಿಕೊಂಡರು. ಅಂಥವರ ನಾಡಿನ ಚರಿತ್ರೆಯನ್ನು ನಮ್ಮ ಹುಡುಗ ಇಂಗ್ಲಿಷಿನಲ್ಲಿ ಓದಿ, ಇಂಗ್ಲಿಷಿನಲ್ಲೇ ಬರೆದು ಮಾರ್ಕ್ಸು ತೆಗೆದು ಬರುತ್ತಾನೆ. ಮುದ್ದೆ ತೊಳಸಿದ ಅವನ ತಾಯಿಗೆ ಅದರಲ್ಲಿ ಒಂದು ಸಾಲೂ ಸಿಗುವುದಿಲ್ಲ.

ಕಹಿಯಾದರೂ ಇದನ್ನೂ ಹೇಳುತ್ತೇನೆ. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟ ರಸ್ತೆಯ ಕಡೆ ಸುಡಾನಿನವನೊಬ್ಬನ ಕಾರು ಬಡಿದು ಒಬ್ಬ ಹೆಂಗಸು ಸತ್ತರು. ಆ ದುಃಖ ಸಣ್ಣದಲ್ಲ. ಆದರೆ ಗುಂಪು ಹೊಡೆದದ್ದು ಯಾರನ್ನು? ಆಮೇಲೆ ಆ ದಾರಿಯಲ್ಲಿ ಬಂದ, ಅಪಘಾತಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ಒಬ್ಬ ವಿದ್ಯಾರ್ಥಿನಿಯನ್ನು. ಅವರ ಕಾರು ಸುಟ್ಟರು. ಬಣ್ಣ ಒಂದೇ ಎಂಬುದೇ ಅವಳ ಅಪರಾಧ. ಆ ಗುಂಪಿನಲ್ಲಿ ಕನ್ನಡ ಮಾತಾಡುವವರು ಯಾರೂ ಇರಲಿಲ್ಲವೆಂದು ಎದೆ ಮುಟ್ಟಿಕೊಂಡು ಹೇಳುತ್ತೀರಾ? ನಾನು ಹೇಳಲಾರೆ. ನಿಮ್ಮ ಕಾಲೇಜಿನಲ್ಲೂ ಆಫ್ರಿಕಾದ ಮಕ್ಕಳು ಓದುತ್ತಿರಬಹುದು. ಕರೆದು ಮಾತಾಡಿಸಿ, ಎರಡು ಕನ್ನಡ ಮಾತು ಕಲಿಸಿ, ಅವರ ಊರಿನ ಎರಡು ಮಾತು ಕಲಿಯಿರಿ. ಅದಕ್ಕೆ ಫೀಸಿಲ್ಲ.

ಆ ಹುಡುಗನಿಗೆ ಹೋಗಬೇಡ ಅನ್ನಲಿಲ್ಲ. ಹೋಗಿ ಬಾ, ಹೋಗುವ ಮುಂಚೆ ನಾಲ್ಕು ದಿನ ಯಲ್ಲಾಪುರದ ಕಡೆ ಇದ್ದು ಬಾ ಅಂದೆ. ಬಂದಮೇಲೆ ಓದಿದ್ದನ್ನೆಲ್ಲ ಕನ್ನಡದಲ್ಲಿ ಬರೆದು ಕೊಟ್ಟರೆ ಐನೂರು ಪ್ರತಿ ಅಚ್ಚು ಹಾಕಿಕೊಡುತ್ತೇನೆ, ಕಾಗದವೂ ನನ್ನದೇ ಅಂದೆ. ಅದೇ ಮಾತು ನಿಮಗೂ. ಪ್ರಿಂಟಿನ ದುಡ್ಡು ಕೊಡಲು ಜೇಬಿಗೆ ಕೈ ಹಾಕಿದ, ಬೇಡವೆಂದೆ. "ಕನ್ನಡದಲ್ಲಿ ಬರೆಯೋಕೆ ಬರುತ್ತಾ ಅಂತಲೇ ಅನುಮಾನ ಅಣ್ಣ" ಅಂತ ತಲೆ ಕೆರೆದುಕೊಂಡು ನಿಂತ.