ಕಾವ್ಯವೂ ಪಾನಗೃಹವೂ

ಬೆಂಗಳೂರಿನ ಪಾನಗೃಹಗಳಲ್ಲಿಯೂ ಕಾಫಿಯಂಗಡಿಗಳಲ್ಲಿಯೂ ತರುಣರು ಸಂಜೆಯ ವೇಳೆ ಕಲೆತು ಕವಿತೆಗಳನ್ನು ಹೇಳುವ ಪದ್ಧತಿಯೊಂದು ಕೆಲವು ವರ್ಷಗಳಿಂದ ನಡೆದುಬಂದಿರುವುದನ್ನು ವಾಚಕರಲ್ಲಿ ಅನೇಕರು ಕೇಳಿರಬಹುದು. ಇದಕ್ಕೆ ಪೊಯೆಟ್ರಿ ಸ್ಲ್ಯಾಮ್ ಎಂದೂ ಓಪನ್ ಮೈಕ್ ಎಂದೂ ಹೆಸರು. ಹೆಸರು ಬರೆಸಿದವರಿಗೆಲ್ಲ ಸರದಿಯಂತೆ ಧ್ವನಿವರ್ಧಕದ ಮುಂದೆ ನಿಲ್ಲುವ ಅವಕಾಶವುಂಟು. ಮೆಚ್ಚಿದರೆ ಕೇಳುವವರು ಚಿಟಿಕೆ ಹೊಡೆಯುವರು; ಮೆಚ್ಚದಿದ್ದರೆ ಗೊಣಗುವರು; ಸ್ಪರ್ಧೆಯಾದರೆ ಸಭಿಕರೇ ಅಂಕಗಳನ್ನು ಕೊಡುವರು. ಪಕ್ಕದ ಮೇಜಿನ ಮೇಲೆ ಮದ್ಯದ ಬಟ್ಟಲುಗಳೂ ಇರುವುವು. ಈ ಸುದ್ದಿಯು ಚಿತ್ರದುರ್ಗದ ಸೀಮೆಯ ವಿದ್ಯಾವಂತರ ಮನೆಗಳನ್ನು ಮುಟ್ಟಿದಾಗ ಅಲ್ಲಿ ಹುಟ್ಟುವ ಉದ್ಗಾರವು ಒಂದೇ: ಸರಸ್ವತಿಯನ್ನು ಹೆಂಡದಂಗಡಿಗೆ ಎಳೆದೊಯ್ದರಲ್ಲಾ! ಈ ಸಂತಾಪವು ಸಹಜವಾದುದು. ಆದರೆ ಸಹಜವಾದುದೆಲ್ಲವೂ ನ್ಯಾಯವಾದುದೆಂದು ಹೇಳಲಾಗದು. ಅವಳನ್ನು ಅಲ್ಲಿಗೆ ಒಯ್ದವರಾರೆಂದು ಗದರಿಸುವ ಮೊದಲು, ಅವಳು ತನ್ನ ಮನೆಯನ್ನು ಬಿಟ್ಟು ಹೊರಟುದೇಕೆ ಎಂಬುದನ್ನು ವಿಚಾರಿಸಬೇಕು.

ಈ ಪದ್ಧತಿಯ ಹುಟ್ಟೂರು ಅಮೆರಿಕೆಯ ಷಿಕಾಗೋ ನಗರ. ಕಟ್ಟಡದ ಕೆಲಸದಲ್ಲಿದ್ದ ಮಾರ್ಕ್ ಸ್ಮಿತ್ ಎಂಬ ಕವಿಗೆ ಆ ಕಾಲದ ಕಾವ್ಯವಾಚನಗಳು ಜೀವವಿಲ್ಲದ ಶಾಸ್ತ್ರದಂತೆ ತೋರಿದುವು. ಆತನು 1986ರಲ್ಲಿ ಗ್ರೀನ್ ಮಿಲ್ ಎಂಬ ಪಾನಗೃಹದಲ್ಲಿ ಪ್ರತಿ ಭಾನುವಾರದ ಸಂಜೆ ಈ ಕೂಟವನ್ನು ನಡೆಸತೊಡಗಿದನು. 1990ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಅಖಿಲ ಅಮೆರಿಕೆಯ ಸ್ಪರ್ಧೆಯೇ ಏರ್ಪಟ್ಟಿತು. ಇದರ ಕಟ್ಟಳೆಗಳು ಸರಳವಾದುವು. ಕವಿತೆಯು ಹೇಳುವವನ ಸ್ವಂತದ್ದಾಗಿರಬೇಕು. ಕಾಲಾವಧಿ 3 ನಿಮಿಷ. ವೇಷವಾಗಲಿ ವಾದ್ಯವಾಗಲಿ ಕೂಡದು. ಕುಳಿತ ಜನರಲ್ಲಿಯೇ 5 ಮಂದಿಯನ್ನು ಆರಿಸಿ, ಸೊನ್ನೆಯಿಂದ 10ರವರೆಗೆ ಅಂಕ ಕೊಡಿಸುವರು. ಅತ್ಯಧಿಕವನ್ನೂ ಅತ್ಯಲ್ಪವನ್ನೂ ತೆಗೆದುಹಾಕಿ ಉಳಿದ ಮೂರನ್ನು ಕೂಡಿಸಿದರೆ ಬರುವ ಮೊತ್ತವೇ ಕವಿಯ ಗಳಿಕೆ. ತೀರ್ಪುಗಾರರು ಪಂಡಿತರಾಗಿರಬೇಕೆಂಬ ನಿಯಮವಿಲ್ಲ; ಅವರಿಗೆ ಕಿವಿಯಿದ್ದರೆ ಸಾಕು. ಈ ಪದ್ಧತಿಯು ಬೆಂಗಳೂರಿಗೆ ಬಂದ ಮೇಲೆ ಪಾನಗೃಹಗಳಲ್ಲದೆ ಪುಸ್ತಕದಂಗಡಿಗಳಲ್ಲಿಯೂ ನೆಲೆ ಕಂಡಿತು. ಆದರೂ ನಿಂದೆಗೆ ಗುರಿಯಾಗಿರುವುದು ಪಾನಗೃಹದ ಕೂಟವೇ ಆದುದರಿಂದ ವಿಚಾರವೂ ಅದನ್ನು ಕುರಿತೇ ನಡೆಯಬೇಕು.

ಮೊದಲನೆಯ ಆಕ್ಷೇಪಣೆಯು ಸ್ಥಳದ್ದು. ಇದು ಹಗುರವಾದ ಮಾತಲ್ಲ. 1939ರಲ್ಲಿ ಇದೇ ಚಿತ್ರದುರ್ಗದ ಸೀಮೆಯ ತುರುವನೂರಿನಲ್ಲಿ ಜನರು ಹೆಂಡದ ಪಿಡುಗನ್ನು ವಿರೋಧಿಸಿ ಈಚಲು ಮರಗಳನ್ನು ಕಡಿದು ಸತ್ಯಾಗ್ರಹ ಮಾಡಿದರು, ಎಸ್. ನಿಜಲಿಂಗಪ್ಪನವರೇ ಮೊದಲಾದವರು ಅದರಲ್ಲಿ ಮುಂದಾಳುಗಳಾಗಿದ್ದರು. ಕುಡಿತದಿಂದ ಎಷ್ಟು ಮನೆಗಳ ಒಲೆ ಆರಿತೆಂಬುದನ್ನು ಬಲ್ಲ ನಾಡು ಇದು. ಇಂಥ ನಾಡಿನಲ್ಲಿ ಮದ್ಯದ ಬಟ್ಟಲಿನ ಪಕ್ಕದಲ್ಲಿ ಕವಿತೆಯನ್ನು ಕಂಡವರು ಮುಖ ಸಿಂಡರಿಸಿದರೆ ಅವರನ್ನು ಹಳೆಯ ಕಾಲದವರೆಂದು ಹಾಸ್ಯ ಮಾಡುವುದು ಉಚಿತವಲ್ಲ.

ಆದರೆ ಕನ್ನಡದ ಕಾವ್ಯವು ಹೆಂಡದಂಗಡಿಯ ಹೊಸ್ತಿಲನ್ನು ಕಾಣದೆ ಇದ್ದುದೇನೂ ಅಲ್ಲ. ಜಿ. ಪಿ. ರಾಜರತ್ನಂ ಅವರು ‘ರತ್ನನ ಪದಗಳ’ಲ್ಲಿ ಕುಡುಕನೊಬ್ಬನ ಬಾಯಿಂದ, ಅವನ ಆಡುಮಾತಿನಲ್ಲಿಯೇ, ಹಾಡಿಸಿದರು. ಕುಡಿತವನ್ನು ಮಹಾಪಾಪವೆಂದು ಬಗೆಯುವ ಗೃಹಸ್ಥರೂ ಆ ಪದಗಳನ್ನು ಸಂತೋಷದಿಂದ ಕೇಳಿದರು; ಶಾಲೆಯ ಮಕ್ಕಳೂ ಹಾಡಿದರು. ಅಂದು ಹೆಂಡದಂಗಡಿಯ ಮಾತು ಸಭೆಗೆ ಬಂದಿತು. ಇಂದು ಸಭೆಯಲ್ಲಿ ನುಡಿಯಬೇಕಾದ ಮಾತು ಹೆಂಡದಂಗಡಿಯನ್ನು ಹುಡುಕಿಕೊಂಡು ಹೋಗಿದೆ. ಈ ವಿಪರ್ಯಾಸಕ್ಕೆ ಹೊಣೆ ಯಾರು? ಅಂಗಡಿಯವನೋ, ಸಭೆಯವರೋ?

ಜಿಲ್ಲಾ ತಾಲ್ಲೂಕು ಕೇಂದ್ರಗಳಲ್ಲಿ ನಡೆಯುವ ಕವಿಗೋಷ್ಠಿಗಳನ್ನು ನೋಡಿದವರಿಗೆ ಉತ್ತರವನ್ನು ಹುಡುಕಬೇಕಾದ ಶ್ರಮವಿಲ್ಲ. ಹತ್ತು ಗಂಟೆಗೆಂದು ಅಚ್ಚಾದ ಗೋಷ್ಠಿಯು ಮಧ್ಯಾಹ್ನಕ್ಕೆ ಆರಂಭವಾಗುವುದು. ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಆಶಯಭಾಷಣಗಳು ಮುಗಿಯುವಷ್ಟರಲ್ಲಿ ಊಟದ ಹೊತ್ತು. ವೇದಿಕೆಯ ಮೇಲೆ ಮೂವತ್ತೋ ನಲವತ್ತೋ ಕವಿಗಳು. ಕೆಳಗೆ ಅವರವರ ಬಂಧುಗಳು ನಾಲ್ಕಾರು ಮಂದಿ. ಒಬ್ಬನು ಓದುವಾಗ ಮಿಕ್ಕವರು ತಮ್ಮ ಹಾಳೆಗಳನ್ನು ತಿರುವುತ್ತಿರುವರು. ಓದಿ ಮುಗಿಸಿದವನು ಪ್ರಮಾಣಪತ್ರವನ್ನೂ ಶಾಲನ್ನೂ ಪಡೆದು ಹಿಂಬಾಗಿಲಿನಿಂದ ಬಸ್ಸಿಗೆ ಹೊರಡುವನು. ಅಧ್ಯಕ್ಷರು ಕಡೆಯಲ್ಲಿ, ತಾವು ಅರ್ಧದಷ್ಟನ್ನೂ ಕೇಳದಿದ್ದರೂ, ಎಲ್ಲರ ಕವಿತೆಗಳೂ ಒಂದಕ್ಕಿಂತ ಒಂದು ಮಿಗಿಲಾಗಿದ್ದುವೆಂದು ನುಡಿದು ಸಭೆಯನ್ನು ಮುಗಿಸುವರು. ಇಲ್ಲಿ ಕವಿಗೆ ಕವಿಯೇ ಕೇಳುಗ. ಅವನೂ ತನ್ನ ಸರದಿ ಬರುವವರೆಗೆ ಮಾತ್ರ. ಚೆನ್ನಾಗಿಲ್ಲವೆಂದು ಹೇಳುವ ಹಕ್ಕು ಯಾರಿಗೂ ಇಲ್ಲವಾದುದರಿಂದ ಚೆನ್ನಾಗಿದೆಯೆಂಬ ಮಾತಿಗೂ ಬೆಲೆಯಿಲ್ಲವಾಗಿದೆ. ಹೀಗಿರಲು, ತನ್ನ ಮಾತಿಗೆ ಒಂದು ಚಿಟಿಕೆಯನ್ನಾಗಲಿ ಒಂದು ಗೊಣಗಾಟವನ್ನಾಗಲಿ ಬಯಸಿದ ತರುಣನು ಅದು ದೊರೆಯುವ ಕಡೆಗೆ ನಡೆದರೆ ಆಶ್ಚರ್ಯವೇನು? ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯು ಪಾನಗೃಹವನ್ನು ಹಳಿಯುವ ಸಭೆಗಳಿಗೆ ಚೆನ್ನಾಗಿ ಒಪ್ಪುವುದು.

ಎರಡನೆಯ ಆಕ್ಷೇಪಣೆಯು ಪಂಡಿತರದು. ಕಾವ್ಯಕ್ಕೆ ಬೆಲೆ ಕಟ್ಟುವವರು ಸಹೃದಯರು. ಸಂತೆಯ ಜನರು ತೂಗುವುದಕ್ಕೆ ಕಾವ್ಯವೇನು ಕಡಲೆಕಾಯಿಯೆ? ಇದು ಪರದೇಶದ ಅನಾಗರಿಕತೆ ಎಂಬುದು ಅವರ ವಾದ. ಹೀಗೆನ್ನುವವರು ತಮ್ಮ ಭಾಷೆಯ ಚರಿತ್ರೆಯನ್ನೇ ಮರೆತಿರುವರು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು, ಓದುಬರಹವನ್ನು ವಿಶೇಷವಾಗಿ ಕಲಿಯದಿದ್ದರೂ ಕಾವ್ಯದ ಪ್ರಯೋಗವನ್ನು ಬಲ್ಲವರೆಂದು ಈ ನಾಡಿನ ಜನರನ್ನು ಕೊಂಡಾಡಿದೆ. ಉತ್ತರ ಕರ್ನಾಟಕದಲ್ಲಿ ಹರದೇಶಿ ನಾಗೇಶಿ ಮೇಳಗಳು ಎದುರುಬದುರಾಗಿ ನಿಂತು, ಪುರುಷನು ಮೇಲೆಂದು ಒಬ್ಬರೂ ಸ್ತ್ರೀಯು ಮೇಲೆಂದು ಇನ್ನೊಬ್ಬರೂ ಇರುಳೆಲ್ಲ ಲಾವಣಿಯಲ್ಲಿ ವಾದಿಸುವರು. ಅಲ್ಲಿ ಸವಾಲಿಗೆ ಜವಾಬು ಬಾರದಿದ್ದರೆ ಕುಳಿತ ರೈತನು ಸುಮ್ಮನಿರುವನೆ? ಷಿಕಾಗೋ ನಗರದವರು 1986ರಲ್ಲಿ ಕಂಡುಕೊಂಡುದನ್ನು ಈ ನಾಡಿನ ಹಳ್ಳಿಗಳು ಬಹು ಹಿಂದೆಯೇ ಬಲ್ಲವು. ಪರದೇಶದಿಂದ ಬಂದುದು ಹೆಸರು ಮಾತ್ರ.

ಇಷ್ಟು ದೂರ ಹೋಗಬೇಕಾದ ಅವಶ್ಯಕತೆಯೂ ಇಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರದ ಬೆಟ್ಟವನ್ನು ಹತ್ತಿದವರು ಅಲ್ಲಿಯ ಬಂಡೆಯನ್ನು ಕಂಡಿರುವರು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಹತ್ತಿರಹತ್ತಿರದ ಮೂರು ಸ್ಥಳಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿರುವುದನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಗುರುತಿಸಿದರು. ದೊಡ್ಡವರು ಮಾತ್ರವೇ ಅಲ್ಲ, ಸಣ್ಣವರೂ ಶ್ರಮಿಸಿದರೆ ಶ್ರೇಯಸ್ಸನ್ನು ಪಡೆಯಬಲ್ಲರೆಂಬುದು ಆ ಶಾಸನದ ಒಂದು ಮುಖ್ಯವಾದ ಮಾತು. ಅದನ್ನು ಬರೆದವನು ಚಪಡನೆಂಬ ಲಿಪಿಕಾರ. ಆದರೆ ಗಮನಿಸತಕ್ಕ ಸಂಗತಿಯೇನೆಂದರೆ, ಆ ಶಾಸನವು ತನ್ನನ್ನು ಕರೆದುಕೊಂಡಿರುವುದು ಶ್ರಾವಣವೆಂದು. ಎಂದರೆ ಕೇಳಿಸತಕ್ಕ ಮಾತೆಂದು. ಆಂಧ್ರದ ಎರ್ರಗುಡಿಯಲ್ಲಿರುವ ಪಾಠವು ಭೇರಿಯನ್ನು ಹೊಡೆಸಿ ಜನಪದಕ್ಕೆ ತಿಳಿಸಬೇಕೆಂದೂ ವಿಧಿಸುತ್ತದೆ. ಚಕ್ರವರ್ತಿಯು ಕಲ್ಲಿನಲ್ಲಿ ಕೆತ್ತಿಸಿದುದಕ್ಕೇ ತೃಪ್ತನಾಗಲಿಲ್ಲ. ಅಕ್ಷರವರಿಯದ ಬೇಡನ ಕಿವಿಗೂ ಕುರಿಗಾಹಿಯ ಕಿವಿಗೂ ಮಾತು ಬೀಳದಿದ್ದರೆ ಬಂಡೆಯು ಬರಿಯ ಬಂಡೆಯೇ. ಈ ಸೀಮೆಯ ಅತಿ ಹಳೆಯ ಬರಹವು ಕೇಳುಗನಿಗಾಗಿ ಹುಟ್ಟಿತೆಂಬುದನ್ನು ಇಲ್ಲಿಯ ಸಾಹಿತ್ಯಾಭಿಮಾನಿಗಳು ಮರೆಯಲಾಗದು.

ಕೇಳುಗನನ್ನು ಮರೆತ ಸಭೆಯು ಹಾಡುವವರನ್ನೂ ಮರೆಯುವುದು. ಚಳ್ಳಕೆರೆ ತಾಲ್ಲೂಕಿನ ಕಾಡುಗೊಲ್ಲರ ಹಟ್ಟಿಯಲ್ಲಿ ಬಾಳಿದ ಸಿರಿಯಜ್ಜಿಗೆ ಅಕ್ಷರ ತಿಳಿಯದು. ಆದರೆ ಸಹಸ್ರಾರು ಪದಗಳು ಆಕೆಯ ನಾಲಗೆಯಲ್ಲಿದ್ದುವು. ಕೃಷ್ಣಮೂರ್ತಿ ಹನೂರು ಅವರಂಥವರು ಕುಳಿತು ಕೇಳಿ ಬರೆದುಕೊಂಡುದರಿಂದ ಆ ಸಂಪತ್ತಿನಲ್ಲಿ ಒಂದು ಪಾಲು ಉಳಿಯಿತು. ಕನ್ನಡ ವಿಶ್ವವಿದ್ಯಾಲಯವು ಆಕೆಗೆ ನಾಡೋಜ ಗೌರವವನ್ನು ನೀಡಿತು. ಜುಂಜಪ್ಪನ ಕಾವ್ಯವನ್ನೂ ಗಾದರಿ ಪಾಲನಾಯಕನ ಕಾವ್ಯವನ್ನೂ ಹಟ್ಟಿಹಟ್ಟಿಗಳಲ್ಲಿ ಉಳಿಸಿಕೊಂಡು ಬಂದವರು ಇಂಥವರೇ. ಆದರೆ ಕವಿಗೋಷ್ಠಿಯ ಆಮಂತ್ರಣದಲ್ಲಿ ಇಂಥವರ ಹೆಸರು ಎಲ್ಲಿದೆ? ಅವರಿಗೆ ಜಾನಪದವೆಂದು ಬೇರೊಂದು ಪಂಕ್ತಿಯನ್ನು ಹಾಕಲಾಗಿದೆ. ಮೆರವಣಿಗೆಯಲ್ಲಿ ಹಾಡುವುದಕ್ಕೆ ಅವರು ಬೇಕು. ವೇದಿಕೆಯಲ್ಲಿ ಕವಿಯೆನಿಸಿಕೊಳ್ಳುವುದಕ್ಕೆ ಬೇಡ. ಒಂದೊಂದು ಮುದುಕಿಯ ಮರಣದೊಡನೆ ಒಂದೊಂದು ಭಂಡಾರವು ಮಣ್ಣುಗೂಡುತ್ತಿರುವಾಗ, ಬೆಂಗಳೂರಿನ ತರುಣರ ಕೈಯಲ್ಲಿ ಬಟ್ಟಲಿತ್ತೆ ಇಲ್ಲವೆ ಎಂದು ಚರ್ಚಿಸುವುದು ಮನೆಗೆ ಬೆಂಕಿ ಬಿದ್ದಾಗ ನೆರೆಮನೆಯ ಹೊಗೆಯನ್ನು ಎಣಿಸಿದಂತೆ.

ಇಷ್ಟರಿಂದ ಪಾನಗೃಹದ ಕೂಟಕ್ಕೆ ಎಲ್ಲ ವಿಧದಲ್ಲಿಯೂ ಜಯವಾಯಿತೆಂದು ಅದರ ಪಕ್ಷಪಾತಿಗಳು ಹಿಗ್ಗಬೇಕಾಗಿಲ್ಲ. ಅಲ್ಲಿ ಎಲ್ಲರಿಗೂ ಅವಕಾಶವುಂಟೆಂದು ಅವರು ಹೇಳುವರು. ಎಲ್ಲರಿಗೂ ಎಂದರೆ ಯಾರಿಗೆ? ಬಟ್ಟಲಿನ ಬೆಲೆಯನ್ನು ತೆರಬಲ್ಲವರಿಗೆ. ಮೊಳಕಾಲ್ಮೂರಿನ ಮಗ್ಗದಲ್ಲಿ ರೇಷ್ಮೆಯ ಸೀರೆಯನ್ನು ನೇಯುವವನು, ಚಳ್ಳಕೆರೆಯ ಎಣ್ಣೆ ಗಿರಣಿಯ ಕೂಲಿಯವನು, ಹಟ್ಟಿಯ ಹೆಂಗಸು, ಶಾಲೆಯ ಬಾಲಕಿ, ಇವರಲ್ಲಿ ಆ ಬಾಗಿಲನ್ನು ದಾಟುವವರು ಯಾರು? ಬಾಗಿಲಲ್ಲಿ ಮದ್ಯವನ್ನಿಟ್ಟು ಒಳಗೆ ಸಮಾನತೆಯನ್ನು ಬೋಧಿಸುವುದು ವಿಚಿತ್ರವಾದ ಸಮಾನತೆ. ಅಂಗಡಿಯ ಯಜಮಾನನು ಕಾವ್ಯಕ್ಕೆ ಸ್ಥಳ ಕೊಡುವುದು ಅವನ ಕುರ್ಚಿಗಳು ತುಂಬುವವರೆಗೆ ಮಾತ್ರ. ಜಟಿಂಗ ರಾಮೇಶ್ವರದ ಶಾಸನದ ಬಂಡೆಗೆ ಬಳೆಗಾರ ಗುಂಡೆಂದು ಹೆಸರು. ಜಾತ್ರೆಯಲ್ಲಿ ಬಳೆಗಾರರು ಅಲ್ಲಿ ಅಂಗಡಿ ಹೂಡುತ್ತಿದ್ದುದರಿಂದ ಅದಕ್ಕೆ ಆ ಹೆಸರು ಬಂದಿತು. ಅಕ್ಷರಗಳು ಬಹಳವಾಗಿ ಸವೆದುಹೋಗಿವೆ. ವ್ಯಾಪಾರವು ಮಾತಿನ ನೆರಳಿನಲ್ಲಿ ಕುಳಿತುಕೊಳ್ಳಬಲ್ಲುದು. ಮಾತನ್ನು ಕಾಯುವುದು ಅದರ ಕೆಲಸವಲ್ಲ.

ಅಂಕಗಳ ವಿಷಯವೂ ಹೀಗೆಯೇ. 3 ನಿಮಿಷಗಳಲ್ಲಿ 30 ಅಂಕಗಳನ್ನು ಗಳಿಸಬೇಕಾದವನು ಮೊದಲನೆಯ ಸಾಲಿನಲ್ಲಿಯೇ ಕೂಗಬೇಕಾಗುವುದು. ಮೆಲ್ಲಗೆ ಒಳಗಿಳಿದು, ಮನೆಗೆ ಹೋದ ಮೇಲೆ ನೆನಪಾಗಿ ಕಾಡುವ ಕವಿತೆಗೆ ಆ ಲೆಕ್ಕದಲ್ಲಿ ಜಾಗವಿಲ್ಲ. ಗಮಕಿಯೊಬ್ಬನು ಕುಮಾರವ್ಯಾಸನ ಒಂದು ಸಂಧಿಯನ್ನು ಓದುವಾಗ ಕೇಳುವವರು ಗಂಟೆಗಟ್ಟಲೆ ಕುಳಿತು ಕಣ್ಣೀರಿಟ್ಟುದುಂಟು. ಆ ಕಣ್ಣೀರಿಗೆ ಎಷ್ಟು ಅಂಕ? ಕೇಳುಗನಿಗೆ ಬೇಕಾದುದು ತಕ್ಕಡಿಯಲ್ಲ, ನಾಲಗೆ. ಏಕೆ ಹಿಡಿಸಲಿಲ್ಲವೆಂದು ಹೇಳಬಲ್ಲವನು ಹತ್ತಕ್ಕೆ ನಾಲ್ಕೆಂದು ಹಲಗೆ ಎತ್ತುವವನಿಗಿಂತ ಕವಿಗೆ ಹೆಚ್ಚು ಉಪಕಾರಿ.

ಆದುದರಿಂದ ಮಾಡಬೇಕಾದುದು ಸ್ಪಷ್ಟವಾಗಿದೆ. ಷಿಕಾಗೋ ನಗರದಿಂದ ಕಲಿಯತಕ್ಕುವು ಎರಡು: ವಾರ ತಪ್ಪದೆ ಸೇರುವುದು, ಮತ್ತು ಕೇಳುವವನಿಗೆ ಒಲ್ಲೆನೆನ್ನುವ ಹಕ್ಕನ್ನು ಕೊಡುವುದು. ಬಿಡತಕ್ಕುವು ಎರಡು: ಬಟ್ಟಲು ಮತ್ತು ಅಂಕ. ವರ್ಷಕ್ಕೊಮ್ಮೆ ನಲವತ್ತು ಕವಿಗಳ ಗೋಷ್ಠಿಯನ್ನು ನೆರವೇರಿಸುವ ಸಂಘಗಳು ಅದೇ ಖರ್ಚಿನಲ್ಲಿ ವಾರಕ್ಕೊಮ್ಮೆ ನಾಲ್ವರನ್ನು ಕೇಳಿಸಬಹುದು. ಶಾಲೆಯ ಅಂಗಳ, ಗ್ರಂಥಾಲಯದ ಜಗಲಿ, ದೇವಸ್ಥಾನದ ಕಟ್ಟೆ, ಇವು ಎಲ್ಲ ಊರುಗಳಲ್ಲಿಯೂ ಸಂಜೆ ಬರಿದಾಗಿರುವುವು. ಅಲ್ಲಿ ವೇದಿಕೆ ಬೇಡ, ಶಾಲು ಬೇಡ, ಪ್ರಮಾಣಪತ್ರ ಬೇಡ. ಪದವೀಧರನೂ ಹಟ್ಟಿಯ ಮುದುಕಿಯೂ ಒಂದೇ ಸರದಿಯಲ್ಲಿ ಹೇಳಲಿ. ಹೇಳಿದವನು ಕಡೆಯವನು ಹೇಳಿ ಮುಗಿಸುವವರೆಗೆ ಎದ್ದುಹೋಗದಿರುವುದೇ ಅಲ್ಲಿಯ ಒಂದು ಕಟ್ಟಳೆಯಾಗಲಿ. ಮನೆಯ ಹೆಂಗಸರೂ ಮಕ್ಕಳೂ ಬಂದು ಕುಳಿತು, ಹಿಡಿಸಿದರೆ ಹಿಡಿಸಿತೆಂದೂ ಇಲ್ಲವಾದರೆ ಇಲ್ಲವೆಂದೂ ಹೇಳಲಿ. ಇಂಥ ಕೂಟವು ಪ್ರತಿ ಊರಿನಲ್ಲಿಯೂ ಒಂದೊಂದು ವರ್ಷ ನಡೆದ ಮೇಲೆಯೂ ತರುಣರು ಪಾನಗೃಹವನ್ನೇ ಮೆಚ್ಚಿದರೆ ಆಗ ಅವರನ್ನು ದೂಷಿಸುವ ಅಧಿಕಾರವು ಹಿರಿಯರಿಗೆ ಬರುವುದು. ಅದಕ್ಕೆ ಮೊದಲು ಇಲ್ಲ.

ಜಟಿಂಗ ರಾಮೇಶ್ವರದ ಬೆಟ್ಟಕ್ಕೆ ಆ ಹೆಸರು ಬಂದುದು ಜಟಾಯುವಿನಿಂದ ಎಂದು ಆ ಸೀಮೆಯ ಜನರು ನಂಬಿರುವರು. ಜಟಾಯುವು ಮುದಿ ಹಕ್ಕಿ. ರೆಕ್ಕೆಯ ಬಲ ಕುಗ್ಗಿದ್ದಿತು. ಆದರೆ ಸೀತೆಯ ಕೂಗು ಅವನ ಕಿವಿಗೆ ಬಿದ್ದಿತು. ಬಿದ್ದ ಮೇಲೆ ಅವನು ಸುಮ್ಮನೆ ಕುಳಿತಿರಲಿಲ್ಲ. ಈ ಸೀಮೆಯ ಹಿರಿಯರಿಗೂ ಸಾಹಿತ್ಯಸಂಘಗಳಿಗೂ ಅಷ್ಟು ಕಿವಿ ಉಳಿದಿದ್ದರೆ, ಕವಿತೆಯು ಕೇಳುವವರನ್ನು ಅರಸುತ್ತ ಪಾನಗೃಹದ ಬಾಗಿಲನ್ನು ತಟ್ಟಬೇಕಾಗಿ ಬರುವುದಿಲ್ಲ.